ಕಡಲೆಕಾಳಿನಷ್ಟು

ಸೋಪಿನ ನೊರೆಯಲ್ಲಿ ನಾಯಿ ಚೂಟಿಯ ಹೊಟ್ಟೆ ಉಜ್ಜುತ್ತಿದ್ದ ಅವಳ ಬೆರಳು ಕೊನೆಯ ಮೊಲೆತೊಟ್ಟಿನ ಪಕ್ಕ ನಿಂತುಬಿಟ್ಟಿತು. ಕಡಲೆಕಾಳಿನಷ್ಟು, ಗಟ್ಟಿ. ಒತ್ತಿದರೆ ಜಾರಿತು, ಬಿಟ್ಟರೆ ಬೇಡದ ನೆಂಟರ ಹಾಗೆ ಮರಳಿ ಬಂತು.

“ಏನ್ರೀ, ಸ್ವಲ್ಪ ಬನ್ನಿ. ನಾಯಿಗೊಂದು ಗಂಟಾಗಿದೆ.”

ಹೆಂಡತಿಗೆ ಮೂರು ದಿನ ಜ್ವರ ಬಂದರೂ ‘ಮಾತ್ರೆ ನುಂಗು’ ಎಂದು ಪೇಪರಿನ ಪುಟ ಮಗುಚುವ ಗಂಡ, ಅರ್ಧ ಬೋಳಿಸಿದ ಗಡ್ಡದಲ್ಲೇ ಓಡಿ ಬಂದ. ಹಿಂದೆಯೇ ಎದುರುಮನೆಯ ಟೈಲರಮ್ಮ, ಕೊರಳಲ್ಲಿ ಅಳತೆಯ ಟೇಪಿನ ಸಮೇತ.

“ಒಂದ್ಸಲ ಮರಿ ಹಾಕಿಸ್ಬಿಡಿ, ಎಲ್ಲಾ ಕರಗೋಗುತ್ತೆ,” ಎನ್ನುತ್ತ ಅವರು ಟೇಪು ಹಿಡಿದರು. “ಕಾಲಿಂಚು.”

ಹತ್ತು ನಿಮಿಷ ಬಿಟ್ಟು ಮತ್ತೆ ಅಳೆದರು. “ಅರ್ಧ ಇಂಚಾಯ್ತಲ್ಲೇ.”

“ಈ ಸಲ ತೊಟ್ಟನ್ನೂ ಸೇರಿಸಿ ಅಳೆದ್ರಿ ಅಕ್ಕಾ.”

ಗಂಡನ ಕಿವಿಗೆ ಬಿದ್ದದ್ದು ಅರ್ಧ ಇಂಚು ಮಾತ್ರ. ಚೂಟಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟೇಬಿಟ್ಟ. ಚೂಟಿ ಟೇಪಿನ ಒಂದು ತುದಿ ಕಚ್ಚಿಕೊಂಡಿತ್ತು, ಇನ್ನೊಂದು ತುದಿ ಟೈಲರಮ್ಮನ ಕೊರಳಲ್ಲಿತ್ತು. ಹೀಗಾಗಿ ಅವರೂ ಬಂದರು.

ನಾಯಿಗಳ ಡಾಕ್ಟರಮ್ಮ ಹತ್ತೂ ತೊಟ್ಟುಗಳನ್ನು ಸಾಲಾಗಿ ಒತ್ತಿ ನೋಡಿದರು.

“ಗಡ್ಡೆನೇ. ಮರಿ ಹಾಕಿಸಿದ್ರೆಲ್ಲ ಕರಗಲ್ಲ. ಮೊದಲ ಸಲ ಬೆದೆಗೆ ಬರೋ ಮುಂಚೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದ್ರೆ ಇದು ಬರೋದೇ ಅಪರೂಪ. ಇರ್ಲಿ, ನಾಳಿದ್ದು ತೆಗೆಯೋಣ. ಅಪಾಯದ್ದೋ ಅಲ್ವೋ, ಆಮೇಲೆ ಪರೀಕ್ಷೆ ಮಾಡಿದ್ರೆ ಗೊತ್ತಾಗುತ್ತೆ. ಇಷ್ಟು ಚಿಕ್ಕದ್ರಲ್ಲೇ ತಂದ್ರೆ ಎಷ್ಟೋ ಸಲ ಪೂರ್ತಿ ವಾಸಿಯಾಗುತ್ತೆ. ಇನ್ಮೇಲೆ ತಿಂಗಳಿಗೊಂದ್ಸಲ ಹೀಗೆ ಮುಟ್ಟಿ ನೋಡ್ತಿರಿ.”

ಟೈಲರಮ್ಮ ಟೇಪು ಸುತ್ತಿಟ್ಟರು. ಗಂಡ ಫೋನಿನಲ್ಲಿ ತಿಂಗಳ ಅಲಾರಾಂ ಇಟ್ಟ.

“ಜನ ನಿಂಬೆಹಣ್ಣಿನಷ್ಟಾದ ಮೇಲೆ ತರ್ತಾರೆ,” ಡಾಕ್ಟರಮ್ಮ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. “ನಿಮಗೆ ಬೆರಳಿಟ್ಟ ಕೂಡ್ಲೇ ಹೇಗಮ್ಮಾ ಗೊತ್ತಾಯ್ತು?”

“ಇವಳ ಕೈ ಬಹಳ ಸೂಕ್ಷ್ಮ ಡಾಕ್ಟ್ರೇ,” ಎಂದ ಗಂಡ, ಆ ಕೈಯನ್ನು ತಾನೇ ಹೊಲಿಸಿ ಕೊಟ್ಟವನಂತೆ.

ಅವಳು ನಕ್ಕಳು. ಕೈಗೆ ಮೂರು ತಿಂಗಳ ಅಭ್ಯಾಸವಿತ್ತು. ದಿನಾ ಬೆಳಿಗ್ಗೆ ಬಚ್ಚಲಲ್ಲಿ, ತನ್ನದೇ ಎಡ ಎದೆಯಲ್ಲಿ, ಇಂಥದೇ ಕಾಳು. ‘ಮುಂದಿನ ವಾರ ನೋಡಿದರಾಯಿತು’ ಎಂದು ಅದನ್ನು ಹನ್ನೆರಡು ವಾರ ತಳ್ಳಿದ್ದಳು.

“ನಾಳೆಯಿಂದ್ಲೇ ರಜೆ ಹಾಕ್ತೀನಿ,” ಗಂಡ ಚೂಟಿಯ ತಲೆ ಸವರಿದ. “ಪಾಪ, ಇದನ್ನ ಒಂಟಿಯಾಗಿ ಬಿಡಬಾರದು.”

“ಒಳ್ಳೇದಾಯ್ತು,” ಎಂದಳು.

ಹಾಗಾದರೆ ನಾಳೆ ಚೂಟಿಯ ಜೊತೆ ಮನೆಯಲ್ಲಿ ಗಂಡನಿರುತ್ತಾನೆ. ಮನುಷ್ಯರ ಆಸ್ಪತ್ರೆ ಬಸ್ಸಿನಲ್ಲಿ ಎರಡೇ ಸ್ಟಾಪು. ಅವಳು ಡಾಕ್ಟರಮ್ಮ ಬರೆದುಕೊಟ್ಟ ಚೀಟಿಯನ್ನು ಮಡಚಿ ಪರ್ಸಿಗೆ ಹಾಕಿಕೊಂಡು, ಚೂಟಿಯ ಒದ್ದೆ ಕಿವಿ ಒರೆಸತೊಡಗಿದಳು.