ಭಾವನ ಬಾಟಲಿಯಲ್ಲಿ ಹುಣ್ಣಿಮೆಯ ಉಬ್ಬರ

ಕರಾವಳಿಯಿಂದ ನೂರಾರು ಮೈಲಿ ದೂರದ ನಮ್ಮ ಬಾಗಲಗುಂಟೆಯಲ್ಲಿ ಸಮುದ್ರವಿತ್ತು ಎಂದರೆ ನೀವು ನಗುತ್ತೀರಿ. ನಗಿ! ನನ್ನ ಭಾವನ ಎದುರು ಮಾತ್ರ ನಗಬೇಡಿ. ನಮ್ಮಕ್ಕನ ಕೈಹಿಡಿದ ಈ ಮಹಾನುಭಾವ ಬಡಾವಣೆಗೆ ನೀರು ಬಿಡುವ ವಾಟರ್‌ಮ್ಯಾನ್ ಆಗಿದ್ದವರು. ಉದ್ದನೆಯ ಕಬ್ಬಿಣದ ಕೀ ಹಿಡಿದು ವಾಲ್ವ್ ತಿರುಗಿಸುವುದರಲ್ಲೇ ಆಯುಸ್ಸು ಕಳೆದರು; ಸಮುದ್ರ ಕಂಡದ್ದು ಟೀವಿಯಲ್ಲಿ ಮಾತ್ರ. ಆದರೂ ನಲ್ಲಿಯಲ್ಲಿ ನೀರು ಬಂದರೆ ಅವರಿಗದು ಉಬ್ಬರ, ನಿಂತರೆ ಇಳಿತ!

"ಅಣ್ಣಾ, ನಾಳೆ ಉಬ್ಬರ ಎಷ್ಟೊತ್ಗೆ?" ಎಂದು ಬಿಂದಿಗೆ ಹಿಡಿದ ಹೆಂಗಸರೂ ಕೇಳುವಂತಾಗಿತ್ತು.

"ಆರೂವರೆಗೆ ಕಣಮ್ಮಾ. ಆಕ್ಟೋಪಸ್‌ಗೆ ಮೂರು ಹೃದಯ ಇರುತ್ತೆ, ಗೊತ್ತಾ?"

"ನಿಮಗೆ ಒಂದಾದ್ರೂ ಇದ್ದಿದ್ರೆ ಇನ್ನೂ ಹತ್ತು ನಿಮಿಷ ನೀರು ಬಿಡ್ತಿದ್ರಿ!"

ಇಂಥವರಿಗೆ ನಾನು ಮೋಸ ಮಾಡಿದೆ. ಈ ವಯಸ್ಸಿನಲ್ಲಿ ಮುಚ್ಚಿಟ್ಟುಕೊಂಡು ಏನು ಮಾಡಲಿ? ಹನ್ನೆರಡು ವರ್ಷದ ಹಿಂದೆ ಒಂದು ಮದುವೆಗೆಂದು ಕಾರವಾರಕ್ಕೆ ಹೊರಟಾಗ ಭಾವ, "ಒಂದು ಬಾಟ್ಲಿ ಸಮುದ್ರ ತಗೊಂಬಾರೋ" ಎಂದಿದ್ದರು. ಮದುವೆ ಊಟದ ಮುಂದೆ ಸಮುದ್ರ ಮರೆತೇಹೋಯಿತು! ನೆನಪಾದದ್ದು ವಾಪಸು ಬಂದು ಯಶವಂತಪುರದಲ್ಲಿ ರೈಲು ಇಳಿದ ಮೇಲೆ. ನಿಲ್ದಾಣದ ನಲ್ಲಿಯಲ್ಲಿ ಬಾಟಲಿ ತುಂಬಿಸಿ, ಹೊರಗಿನ ಅಂಗಡಿಯಿಂದ ಉಪ್ಪು ತಂದು ಸುರಿದು, ಚೆನ್ನಾಗಿ ಕುಲುಕಿದೆ. ಸಮುದ್ರ ಸಿದ್ಧ!

ಭಾವ ಬೆರಳದ್ದಿ ನೆಕ್ಕಿ ಕಣ್ಣು ಮುಚ್ಚಿದರು. "ತಿಮಿಂಗಿಲ ಈಜಿರೋ ನೀರು ಕಣೋ!"

"ಸಾರಿಗೆ ಹಾಕಿದ್ರೆ ಉಪ್ಪಾದ್ರೂ ಉಳೀತಿತ್ತು" ಅಂದಳು ಅಕ್ಕ.

ಬಾಟಲಿ ಟೀವಿಯ ಪಕ್ಕ ಪ್ರತಿಷ್ಠಾಪನೆಯಾಯಿತು. ಪ್ರತಿ ಹುಣ್ಣಿಮೆಗೂ ಭಾವ ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆದು ನನ್ನನ್ನು ಕರೆಯುವರು.

"ನೋಡೋ, ಚಂದ್ರ ಎಳೀತಿದ್ದಾನೆ. ಒಂದು ನೂಲು ಏರಿದೆ, ಅಲ್ವಾ?"

"ಒಂದೂವರೆ ನೂಲು ಭಾವ!"

ಕೇಳಿದ್ದಕ್ಕಿಂತ ಅರ್ಧ ನೂಲು ಹೆಚ್ಚೇ ಸುಳ್ಳು ಕೊಟ್ಟ ಉದಾರಿ ನಾನು.

ಕಳೆದ ತಿಂಗಳು ಮನಸ್ಸು ತಡೆಯದೆ ಅವರನ್ನು ಕಾರವಾರಕ್ಕೆ ಕರೆದುಕೊಂಡು ಹೋದೆ. ಮೊದಲ ಅಲೆ ನುಗ್ಗಿ ಬಂದದ್ದೇ ತಡ, ಭಾವನ ಎರಡೂ ಕೈ ತಾವಾಗಿಯೇ ವಾಲ್ವ್ ಮುಚ್ಚುವಂತೆ ತಿರುಗಿದವು. ಸಮುದ್ರ ಕೇಳಬೇಕಲ್ಲ! ಮೊಣಕಾಲವರೆಗೂ ಏರಿ ಬಂದು, ಒಂದು ಚಪ್ಪಲಿಯನ್ನೂ ಎತ್ತಿಕೊಂಡು ಹೋಯಿತು.

"ಇದನ್ನ ಯಾರೂ ಬಂದ್ ಮಾಡಕ್ಕಾಗಲ್ಲ ಕಣೋ" ಎಂದರು, ಮೇಲಧಿಕಾರಿಯ ಎದುರು ನಿಂತವರ ಹಾಗೆ.

ಆಮೇಲೆ ಕೈಚೀಲದಿಂದ ತೆಗೆದರು ನೋಡಿ, ಅದೇ ಬಾಟಲಿ!

"ಪಾಪ, ಇಷ್ಟು ವರ್ಷ ನಮ್ಮನೇಲಿ ಒಂಟಿಯಾಗಿತ್ತು. ಅದರ ಮನೆಗೆ ಬಿಟ್ಬಿಡೋಣ."

ನಾನು ಅವರ ಕೈ ಹಿಡಿದೆ. "ಭಾವ, ಅದು ಸಮುದ್ರ ಅಲ್ಲ. ಯಶವಂತಪುರದ ನಲ್ಲಿ ನೀರು. ಉಪ್ಪು ಹಾಕಿದ್ದು ನಾನೇ. ತಪ್ಪಾಯ್ತು."

ಭಾವ ಬಾಟಲಿಯನ್ನು ಬಿಸಿಲಿಗೆ ಹಿಡಿದು ಹನ್ನೆರಡು ವರ್ಷದ ಗೆರೆಗಳನ್ನು ನೋಡುತ್ತ ನಿಂತರು. ಬೈದುಬಿಡಲಿ ಎಂದು ಕಾದೆ. ಅವರು ನಿಧಾನವಾಗಿ ಮುಚ್ಚಳ ತಿರುಗಿಸಿದರು.

"ಹಂಗಾದ್ರೆ ಇದೂ ನನ್ ಥರಾನೇ ಕಣೋ. ಇವತ್ತೇ ಮೊದಲು ಸಮುದ್ರ ನೋಡ್ತಿರೋದು" ಎಂದು ಬಗ್ಗಿ, ಒಂದು ಹನಿಯೂ ಉಳಿಯದಂತೆ ಅಲೆಗೆ ಸುರಿದರು.