ಹಳೇ ಮೀನು ಐತೇನ್ರಿ?

ನಮ್ಮ ಸೋದರಮಾವನ ಜೊತೆ ಊರೂರು ತಿರುಗಿ, ತಲೆ ಕೆಡಿಸಿಕೊಳ್ಳದೆ ಮನೆಗೆ ಮರಳಿದವರು ಯಾರಾದರೂ ಇದ್ದರೆ ತೋರಿಸಿ, ಅವರ ಕಾಲಿಗೆ ಬೀಳುತ್ತೇನೆ! ನಾನು ಮೊನ್ನೆ ಅವನನ್ನು ಕಾರವಾರಕ್ಕೆ ಕರೆದುಕೊಂಡು ಹೋಗಿದ್ದೆ. ಬಂದು ನಾಲ್ಕು ದಿನವಾಯಿತು, ಸೊಂಟ ಇನ್ನೂ ಘಟ್ಟದ ರಸ್ತೆಯಲ್ಲೇ ಇದೆ.

ಮಾವ ಕಾರಟಗಿಯಲ್ಲಿ ಮೂವತ್ತು ವರ್ಷ ಅಕ್ಕಿ ವ್ಯಾಪಾರ ಮಾಡಿದವನು. ನಮ್ಮ ಕಡೆ ಅಕ್ಕಿ ಹಳೆಯದಾದಷ್ಟೂ ಮರ್ಯಾದೆ. ಹೊಸದು ಬೆಂದರೆ ಮುದ್ದೆಯಾಗುತ್ತದೆ. ಮಾವನಿಗೆ ಜಗತ್ತೆಲ್ಲ ಹೀಗೇ ಎಂಬ ನಂಬಿಕೆ. ನನಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಮುಖ ನೋಡದೆ ಸೀದಾ ಅಡುಗೆಮನೆಗೆ ನುಗ್ಗಿ, ಅಕ್ಕಿ ಡಬ್ಬಿಗೆ ಕೈ ಹಾಕಿ, "ಎರಡು ವರ್ಷದ ಹಳೇ ಅಕ್ಕಿ ಐತಿ, ಮನೆತನ ಛಲೋ ಐತಿ" ಎಂದು ಸಂಬಂಧ ಪಾಸು ಮಾಡಿದ್ದ. ನನ್ನನ್ನು ಯಾರು ಕೇಳಿದರು?

ಈ ಸಲದ ಸಂಗತಿ ಮಾತ್ರ ಬೇರೆ. ಮಾವನ ಹೆಂಡತಿ, ನಮ್ಮ ಅತ್ತೆಗೆ ಟೈಫಾಯ್ಡ್ ಬಂದು ಹೋಗಿ ಮೂರು ತಿಂಗಳಾದರೂ ಅನ್ನ ಸೇರುತ್ತಿರಲಿಲ್ಲ. ಎರಡು ತುತ್ತಿಗೆ ಕೈ ತೊಳೆಯುತ್ತಿದ್ದಳು. ಒಂದು ದಿನ ಮೊಬೈಲಿನಲ್ಲಿ ಕಾರವಾರದ ಮೀನೂಟ ನೋಡಿ, "ಅಂಥಾದ್ದು ಉಂಡು ನೋಡ್ಬೇಕು" ಅಂದಳಂತೆ. ಮರುದಿನ ಕೋಳಿ ಕೂಗುವ ಮೊದಲೇ ಮಾವ ನನ್ನ ಬಾಗಿಲು ಬಡಿದ.

ಅತ್ತೆಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಕಾರವಾರ ತಲುಪಿದ್ದೇ ತಡ, ಮಾವ ಮೀನು ಮಾರ್ಕೆಟ್ಟಿಗೆ ಇಳಿದ. ಮೀನಿನ ಜಾತಿ ತಿಳಿದುಕೊಂಡೇ ಊಟಕ್ಕೆ ಕೂರಬೇಕಂತೆ! ಬಂಗಡೆ ಬುಟ್ಟಿಯ ತಳಕ್ಕೆ ಮೊಣಕೈವರೆಗೂ ಕೈ ತೂರಿಸಿದ. ಚೀಲದ ತಳದ ಅಕ್ಕಿ ನೋಡುವ ಚಾಳಿ ಬಿಡಬೇಕಲ್ಲ! ಮಾರುವ ಹೆಂಗಸು ಹೌಹಾರಿ, "ಈಗಷ್ಟೇ ದೋಣಿಯಿಂದ ಇಳಿಸಿದ್ದು, ಕೈ ತೆಗೀರಿ!" ಅಂದಳು.

ಮಾವನ ಮುಖ ಸಣ್ಣಗಾಯಿತು. "ಹೊಸದಾ? ಹಳೇದು ಇಲ್ಲೇನ್ರಿ? ಒಂದು ವರ್ಷದ್ದು?"

ಇಡೀ ಮಾರ್ಕೆಟ್ಟು ಗೊಳ್ಳೆಂದಿತು. ಆ ನಗು ಸಮುದ್ರಕ್ಕೆ ಕೇಳಿಸಿರಬೇಕು. ನಾನು ಅಪರಿಚಿತನಂತೆ ಬೇರೆ ಬುಟ್ಟಿ ನೋಡುತ್ತ ನಿಂತೆ.

ಅಲ್ಲಿಂದ ಹೋಟೆಲುಗಳ ಪ್ರದಕ್ಷಿಣೆ. ಮೊದಲನೆಯದರಲ್ಲಿ ಅನ್ನ ದಪ್ಪ. ಎರಡನೆಯದರಲ್ಲಿ ಅನ್ನ ಕೆಂಪು. ಮೂರನೆಯದರಲ್ಲಿ ಅನ್ನ ನೋಡದೆಯೇ, "ಇಲ್ಲಿ ಫ್ಯಾನ್ ಸರಿ ಇಲ್ಲ" ಎಂದು ಹೊರಬಂದ. ಬಿಸಿಲಿಗೆ ನನ್ನ ತಲೆ ಸಿಡಿಯುತ್ತಿತ್ತು. ಅತ್ತೆ ಕಾರಿನಲ್ಲಿ ಕಣ್ಣು ಮುಚ್ಚಿ ಒರಗಿದ್ದಳು.

"ಮಾವಾ, ಉಣ್ಣಾಕಿ ಅತ್ತಿ, ನೀ ಅಲ್ಲ!" ಎಂದು ರೇಗಿದೆ.

ಅವನು ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ. "ತಾಟು ಮುಂದಿಟ್ಟ ಮ್ಯಾಲೆ, ಇಲ್ಲೂ ಆಕಿ ಎರಡು ತುತ್ತಿಗೆ ಎದ್ದಳಂದ್ರ? ಮುಂದ ಎಲ್ಲಿಗೆ ಕರ್ಕೊಂಡು ಹೋಗ್ಲೋ?"

ಅಷ್ಟರಲ್ಲಿ ಅತ್ತೆಯೇ ಕಾರಿನಿಂದಿಳಿದು, "ನಿಮ್ಮ ಪಂಚಾಯ್ತಿ ನೀವು ಮಾಡ್ಕೋರಿ, ನಾ ಕುಂದ್ರತೀನಿ" ಎಂದು ಎದುರಿನ ಹೋಟೆಲಿಗೆ ನಡೆದುಬಿಟ್ಟಳು.

ಅದೇ ದಪ್ಪ, ಕೆಂಪು ಅನ್ನ ಬಂತು. ಮಾವ ಈ ಸಲ ಅನ್ನದ ಕಡೆ ನೋಡಲೇ ಇಲ್ಲ. ತನಗೇನೂ ತರಿಸಿಕೊಳ್ಳದೆ ಅತ್ತೆಯ ತಾಟಿನ ಬಂಗಡೆಯ ಮುಳ್ಳು ಬಿಡಿಸುತ್ತ ಕೂತ. ಅತ್ತೆ ಒಂದು ತುತ್ತು ಉಂಡಳು. ಎರಡನೆಯದು. ಮಾವನ ಕೈ ನಿಂತಿತು, ನನ್ನದೂ. ಅತ್ತೆ ಮೂರನೆಯದು ಕಲಸಿದಳು! ಅದೂ ಮುಗಿದು, ಐದಾರಾದ ಮೇಲೆ, "ಸಾರು ಇನ್ನೊಂದಿಷ್ಟು ಹಾಕಸ್ರಿ" ಅಂದಳು.

ಮಾವ ಸಪ್ಲೈಯರನ್ನು ಕೂಗುವುದು ಬಿಟ್ಟು ಅವಳ ತಾಟನ್ನೇ ನೋಡುತ್ತ ಕೂತ. ನಾನೇ ಕೂಗಿದೆ.

"ನಿಮಗೂ ಒಂದು ಊಟ ಹೇಳ್ರಿ," ಅಂದಳು ಅತ್ತೆ. "ಮೂರು ತಿಂಗಳಾತು, ನಾ ಎಷ್ಟು ತುತ್ತು ಉಂಡ್ನೋ ನೀವೂ ಅಷ್ಟ ಉಂಡು ಏಳ್ತೀರಿ. ನಂಗೇನು ಕಣ್ಣಿಲ್ಲೇನು?"

ನಾನು ಮಾವನಿಗೂ ಒಂದು ಊಟ ಹೇಳಿದೆ. ಅವನು ಬಂದ ತಾಟನ್ನು ಹತ್ತಿರ ಎಳೆದುಕೊಂಡು, ಗಬಗಬನೆ ಉಣ್ಣತೊಡಗಿದ. ನನ್ನ ಊಟ ಇನ್ನೂ ಅರ್ಧ ಉಳಿದಿತ್ತು. ಆದರೂ ಕೈ ತೊಳೆಯುವ ನೆಪ ಹೇಳಿ ಎದ್ದೆ. ಇಷ್ಟು ಬೈದುಕೊಂಡು ಬಂದವನು ಅವರೆದುರು ಹೇಗೆ ಅಳಲಿ?