ಗುಂಡಿಯ ದಾಹ

ಲೈಬ್ರರಿ ಸಾಹೇಬರ ಕಷ್ಟಕ್ಕೆಲ್ಲ ಮೂಲ ಆ ಟ್ರಂಪೆಟ್ಟು. ಇಪ್ಪತ್ತು ವರ್ಷ ಪುಸ್ತಕಗಳ ನಡುವೆ ಪಿಸುಗುಟ್ಟಿಕೊಂಡೇ ಬದುಕಿದ ಮನುಷ್ಯನಿಗೆ ಒಮ್ಮೆಯಾದರೂ ಜೋರಾಗಿ ಸದ್ದು ಮಾಡಬೇಕೆನ್ನಿಸಿತು, ಕೊಂಡು ತಂದರು. ಮೊದಲ ದಿನ ಊದಿದಾಗ ಯಾರಿಗೆ ಏನಾಯಿತೋ ಎಂದು ಇಡೀ ಬೀದಿ ಓಡಿಬಂತು. ಅಂದಿನಿಂದ ಅದು ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು.

ಊದಲು ತಕ್ಕ ಜಾಗವೆಂದರೆ ನೆಲಮಾಳಿಗೆಯೊಂದೇ. ಆದರೆ ಮಳೆ ಹಿಡಿದರೆ ಅಲ್ಲಿ ನೆಲದಡಿಯಿಂದ ನೀರು ಒಸರಿ ಮೂಲೆಯ ಗುಂಡಿಗಿಳಿಯುತ್ತದೆ. ಗುಂಡಿಯೊಳಗಿನ ಪಂಪು ಅದನ್ನು ಎತ್ತಿ ಚರಂಡಿಗೆ ಹಾಕಬೇಕು. ಬೆಳಿಗ್ಗೆ ಅಕ್ಕನ ಮನೆಗೆ ಹೊರಟ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದ್ದಳು: "ರೀ, ಗುಂಡಿ ತೊಳೆದು ಪಂಪು ಓಡುತ್ತಾ ನೋಡಿ. ಸಂಜೆ ನಾನು ಬರೋಷ್ಟರಲ್ಲಿ ಸರಿಯಿದ್ರೆ ನೆಲಮಾಳಿಗೆ ನಿಮ್ದು, ಎಷ್ಟು ಬೇಕಾದ್ರೂ ಊದ್ಕೊಳ್ಳಿ. ಇಲ್ದಿದ್ರೆ ಆ ತುತ್ತೂರಿ ಗುಜರಿಗೆ."

ಸಾಹೇಬರು ರಜೆ ಹಾಕಿ, ಪ್ಯಾಂಟು ಮಡಚಿ ಕೆಳಗಿಳಿದರು. ಕೆಸರು ಬಾಚಿದರು. ಪಂಪಿನ ಬಾಯಿಗೆ ಸಿಕ್ಕಿದ್ದ ಕೂದಲು, ದಾರ, ಎಂದೋ ಕಳೆದುಹೋಗಿದ್ದ ಕಾಲುಚೀಲ ಎಲ್ಲವನ್ನೂ ಎಳೆದು ತೆಗೆದರು. ಪಂಪಿನ ಜೊತೆ ಬಂದಿದ್ದ ಪುಸ್ತಕವನ್ನು ಮುನ್ನುಡಿಯಿಂದ ಓದಿದರು. ಗುಂಡಿಗೆ ಬಕೆಟ್ಟಿನಲ್ಲಿ ನೀರು ಸುರಿಯಬೇಕು, ನೀರೇರಿ ಪಂಪಿಗೆ ಕಟ್ಟಿದ ತೇಲುವ ಚೆಂಡು ಮೇಲೆದ್ದರೆ ಪಂಪು ತಾನಾಗಿಯೇ ಓಡುತ್ತದೆ ಎಂದಿತ್ತು.

ಒಂದು ಬಕೆಟ್ಟು ಸುರಿದರು. ಎರಡು, ಮೂರು, ಐದು. ನೀರು ಬುಳುಬುಳು ಎಂದು ಎಲ್ಲಿಗೋ ಹೋಯಿತು, ಚೆಂಡು ಮಾತ್ರ ಕದಲಲಿಲ್ಲ.

ಸದ್ದು ಕೇಳಿ ಪಕ್ಕದ ಮನೆಯ ಫಿಟ್ಟರ್ ಮಾಮ ಬಂದೇಬಿಟ್ಟರು. ಗೋಡೆಗೆ ಗೋಡೆ ಅಂಟಿದ ಮನೆ. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಬೀದಿಯಲ್ಲಿ ಯಾವ ಯಂತ್ರ ಕೆಟ್ಟರೂ ಕರೆಯದೆ ಬರುವವರು ಅವರೇ.

"ಏನ್ ಸಾರ್, ಗುಂಡಿಗೆ ಸ್ನಾನ ಮಾಡಿಸ್ತಿದ್ದೀರಾ?"

"ನೀರು ನಿಲ್ತಾನೇ ಇಲ್ಲ ಮಾಮ. ಚೆಂಡನ್ನ ಕೈಯಲ್ಲೇ ಎತ್ತಿ ನೋಡ್ಲಾ?"

"ಅಯ್ಯೋ, ಅದು ಪರೀಕ್ಷೇಲಿ ಕಾಪಿ ಹೊಡೆದ ಹಾಗೆ! ಮಳೆ ಬಂದಾಗೆಲ್ಲ ಇಲ್ಲೇ ಕೂತು ಎತ್ತೋಕಾಗುತ್ತಾ? ತಳ ಒಣಗಿದೆ, ಕುಡೀತಿದೆ ಅಷ್ಟೇ. ಅದರ ದಾಹ ತೀರೋವರೆಗೂ ಸುರೀರಿ."

ಹದಿನೈದನೆಯ ಬಕೆಟ್ಟಿನ ಹೊತ್ತಿಗೆ ಎದುರುಮನೆಯ ಟೈಲರಮ್ಮ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಇಳಿದು ಬಂದು ಗುಂಡಿ ಅಳೆದರು. "ಇಪ್ಪತ್ತೆರಡು ಇಂಚು. ಇಷ್ಟಕ್ಕೆ ಹದಿನೈದು ಬಕೆಟ್ಟು ಹಿಡಿಯಲ್ಲ ಸಾರ್. ನೀರು ಎಲ್ಲೋ ಸೋರ್ತಿದೆ."

"ಬಟ್ಟೆ ಲೆಕ್ಕ ಬೇರೆ, ನೀರಿನ ಲೆಕ್ಕ ಬೇರೆ ಕಣಮ್ಮಾ" ಎಂದು ಫಿಟ್ಟರ್ ಮಾಮ ಅವರ ಬಾಯಿ ಮುಚ್ಚಿಸಿದರು.

ಮಧ್ಯಾಹ್ನದ ಹೊತ್ತಿಗೆ ಸಾಹೇಬರು ಎರಡು ಸಲ ಜಾರಿ ಬಿದ್ದು, ಸೊಂಟ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು. ಮಾಮ ಮೆಟ್ಟಿಲ ಮೇಲೆ ಕೂತೇ ಅಪ್ಪಣೆ ಕೊಟ್ಟರು: "ಬಕೆಟ್ಟು ಸಾಲಲ್ಲ, ಪೈಪು ಹಾಕಿ." ಪೈಪು ಬಂತು. ಮಹಡಿಯ ಟ್ಯಾಂಕು ಖಾಲಿಯಾಯಿತು. ಆಮೇಲೆ ನಲ್ಲಿಗೆ ಪೈಪು ಸಿಕ್ಕಿಸಿದರು. ನಾಲ್ಕೂವರೆಗೆ ಚೆಂಡು ಮೆಲ್ಲಗೆ ಅಲುಗಿತು, ಎದ್ದಿತು, ಪಂಪು ಗುರ್ರೆಂದಿತು!

"ನಾ ಹೇಳ್ಲಿಲ್ವಾ!" ಎಂದು ಮಾಮ ತೊಡೆ ತಟ್ಟಿದರು. ಅಷ್ಟರಲ್ಲಿ ಹೆಂಡತಿಯೂ ಬಂದಳು. ತೊಳೆದ ನೆಲ, ಓಡುವ ಪಂಪು ಕಂಡು ಅವಳಿಗೆ ಗಂಡನ ಮೇಲೆ ನಿಜವಾಗಿಯೂ ಅಕ್ಕರೆ ಉಕ್ಕಿತು. ತಾನೇ ಹೋಗಿ ಟ್ರಂಪೆಟ್ಟು ಒರೆಸಿ ತಂದುಕೊಟ್ಟಳು. ಸಾಹೇಬರ ಕಣ್ಣು ತುಂಬಿಬಂತು. ಇನ್ನೇನು ತುಟಿಗಿಡಬೇಕು, ಪಕ್ಕದ ಮನೆಯಿಂದ ಕೂಗು ಕೇಳಿಸಿತು: "ಅಳಿಯಂದ್ರೇ! ನನ್ನ ಮಂಚ ತೇಲ್ತಿದೆ!"

ಎಲ್ಲರೂ ಓಡಿದರು. ಫಿಟ್ಟರ್ ಮಾಮನ ನೆಲಮಾಳಿಗೆ ಒಂದು ಮೆಟ್ಟಿಲಿನಷ್ಟು ತಗ್ಗು. ಅಲ್ಲಿ ಕಣಕಾಲುದ್ದ ನೀರು, ನೀರಿನ ಮೇಲೆ ಚಪ್ಪಲಿಗಳ ಸವಾರಿ. ಮಂಚದ ಮೇಲೆ ಮಾಮನ ಹೆಂಡತಿಯ ತಂದೆ, ಎಂಬತ್ತರ ತಾತ, ಮೊಣಕಾಲು ಮಡಿಸಿ ಕೂತಿದ್ದರು. ಎರಡು ಮನೆಯ ಗುಂಡಿಗಳ ನಡುವೆ ಗೋಡೆಯಡಿ ತೋಳು ತೂರುವಷ್ಟು ಕಂಡಿ ಇತ್ತು, ಸುರಿದ ನೀರೆಲ್ಲ ಅದರಲ್ಲೇ ಇತ್ತ ಹರಿದಿತ್ತು. ಮಾಮನ ಪಂಪೋ, ತುಕ್ಕು ಹಿಡಿದು ಗಟ್ಟಿಯಾಗಿ ಎಷ್ಟು ವರ್ಷವಾಗಿತ್ತೋ. ಬೆಳಿಗ್ಗೆಯಿಂದ ಮಾಮ ಸ್ವಂತ ಮನೆಯನ್ನೇ ಶ್ರದ್ಧೆಯಿಂದ ಮುಳುಗಿಸಿದ್ದರು.

"ಹಂಗಾದ್ರೆ ಇಷ್ಟು ದಿನ ನಿಮ್ಮನೆ ನೀರನ್ನೂ ನಮ್ಮ ಪಂಪೇ ಎತ್ತಿದ್ದು!" ಎಂದರು ಸಾಹೇಬರು. ಮಾಮ ಬಗ್ಗಿ ತೇಲುತ್ತಿದ್ದ ಚಪ್ಪಲಿ ಹೆಕ್ಕತೊಡಗಿದರು.

ಹೆಂಡತಿಗೆ ತಾತನನ್ನು ಕಂಡು ಕರುಳು ಚುರ್ ಎಂದಿತು. "ಇಲ್ಲಿ ಹೇಗೆ ಮಲಗ್ತೀರಿ ತಾತ? ನಮ್ಮ ನೆಲಮಾಳಿಗೆ ಒಣಗಿದೆ, ಪಂಪೂ ಸರಿಯಾಗಿದೆ. ಮಳೆಗಾಲ ಮುಗಿಯೋವರೆಗೂ ಅಲ್ಲೇ ಇರಿ."

"ಮತ್ತೆ ನನ್ನ..." ಎಂದರು ಸಾಹೇಬರು.

"ನೀರು ಸುರಿದೋರು ಯಾರು?" ಎಂದಳು ಹೆಂಡತಿ.

ಮಂಚ ಸಾಹೇಬರ ನೆಲಮಾಳಿಗೆಗೆ ಇಳಿಯಿತು. ತಾತನಿಗೆ ಸಾಹೇಬರ ಕೈಯಲ್ಲಿದ್ದದ್ದು ಕಣ್ಣಿಗೆ ಬಿತ್ತು. "ಅದೇನದು, ಕೊಡಿ ಇಲ್ಲಿ" ಎಂದು ಕಸಿದುಕೊಂಡು, ತುಟಿ ಒದ್ದೆ ಮಾಡಿಕೊಂಡು ಊದಿದರು ನೋಡಿ! ನಲವತ್ತು ವರ್ಷ ಬ್ಯಾಂಡಿನಲ್ಲಿ ಊದಿ ಪಳಗಿದ ಉಸಿರು ಅದು. ಬೀದಿ ಮತ್ತೆ ಓಡಿಬಂತು. ಈ ಸಲ ಯಾರೂ ಗದರಲಿಲ್ಲ, ಮೆಟ್ಟಿಲು ತುಂಬ ಕೂತು ಚಪ್ಪಾಳೆ ತಟ್ಟಿದರು. ಟೈಲರಮ್ಮ ಕಣ್ಣೊರೆಸಿಕೊಂಡರು.

ಎರಡನೆಯ ಹಾಡಿನ ನಡುವೆ ಪಂಪು ಗುರ್ರೆಂದಿತು. ತಾತ ಮುಖ ಸಿಂಡರಿಸಿದರು. "ಇದರ ಗೊಗ್ಗರು ದನಿ ಶ್ರುತಿ ಕೆಡಿಸುತ್ತೆ. ಸಾಹೇಬರೇ, ನಾನು ಊದಿ ಮುಗಿಸೋವರೆಗೂ ಆ ಚೆಂಡನ್ನ ಸ್ವಲ್ಪ ಕೆಳಗೇ ಒತ್ತಿ ಹಿಡ್ಕೊಳ್ತೀರಾ?"

ಸಾಹೇಬರು ಪ್ಯಾಂಟು ಮಡಚಿ, ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೊಣಕೈವರೆಗೆ ನೀರಿಗೆ ಕೈ ಇಳಿಸಿದರು. ತಾತನಿಗೆ ಇನ್ನೂ ಹನ್ನೊಂದು ಹಾಡು ಬರುತ್ತಿದ್ದವು.